ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ಯಾವ ದಾರಿ ಅಂತ ಮೊದಲು ಹೇಳಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಊರಿನ ಸುತ್ತ ಇವೆ. ಬೆಂಗಳೂರಿನಲ್ಲಿ ಅದು ಸಹಜವೇ. ಬೀದಿಗೊಂದು ಮನೆಯಲ್ಲಾದರೂ ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿ ಇರುತ್ತಾರೆ. ಬಾಣಂತನಕ್ಕೆ ಅಂತ ಚಟ್ನಿಪುಡಿ, ಲೇಹ್ಯ ಕಟ್ಟಿಕೊಂಡು ಹೊರಡುವ ಅಮ್ಮಂದಿರು ದೇವನಹಳ್ಳಿಯಲ್ಲಿ ದಿನಾ ಸಿಗುತ್ತಾರೆ. ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದರ ಜೊತೆಗೆ ಬರುವ ವಾಟ್ಸ್ಆ್ಯಪ್ ವಿಡಿಯೊಗಳಿಗೆ. ಹಾಗಾಗಿ ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಉಳಿದವಕ್ಕೆ ಒಂದೆರಡು ಸಾಲು ಸಾಕು.

ನಾನು ಪೈಲಟ್ ಅಲ್ಲ. ಪೈಲಟ್ ಕೈಗೆ ಹೋಗುವ ಫ್ಲೈಟ್ ಪ್ಲಾನ್ ತಯಾರಿಸುವ ಕೆಲಸ ಮಾಡಿ ನಿವೃತ್ತನಾದವನು. ಯಾವ ದಾರಿ, ಎಷ್ಟು ಇಂಧನ, ನಡುವೆ ತೊಂದರೆಯಾದರೆ ಎಲ್ಲಿ ಇಳಿಯಬೇಕು, ಇಷ್ಟೇ ನನಗೆ ಗೊತ್ತಿರುವುದು. ವೀಸಾ, ಲಗೇಜ್, ಊಟದ ವಿಚಾರ ನನ್ನನ್ನು ಕೇಳಬೇಡಿ.

ಪ್ರಶ್ನೆ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ಕಡೆ 14,000 ಅಂತಿದೆ, ಇನ್ನೊಂದು ಕಡೆ 8,700, ಮತ್ತೊಂದು ಕಡೆ 7,550. ಯಾವುದು ನಿಜ? ನನ್ನ ಹೆಂಡತಿ ಹೋದ ವಿಮಾನ ಉತ್ತರ ಧ್ರುವದ ಕಡೆ ಸುತ್ತಿಕೊಂಡು ಹೋದದ್ದು ಸೀಟಿನ ಪರದೆಯಲ್ಲಿ ಕಾಣಿಸಿತಂತೆ. ಟಿಕೆಟ್ ಮಾಡಿಸಿಕೊಟ್ಟ ಏಜೆಂಟ್ "ಬೇಕಂತಲೇ ಸುತ್ತು ಹಾಕಿಸಿ ದುಡ್ಡು ಮಾಡ್ತಾರೆ ಸಾರ್" ಅಂದ. ನಕ್ಷೆಯಲ್ಲಿ ಪೂರ್ವಕ್ಕೆ ನೇರ ಗೆರೆ ಎಳೆದರೆ ಪೆಸಿಫಿಕ್ ದಾಟಿ ಹೋಗಬಹುದಲ್ಲ? (ರಾಜಾಜಿನಗರದ ಓದುಗರು)

ಮೊದಲು ಆ ಮೂರು ಸಂಖ್ಯೆಗಳನ್ನು ಮುಗಿಸಿಬಿಡೋಣ. ಮೂರೂ ಒಂದೇ ದೂರ. 13,990 ಕಿಲೋಮೀಟರ್, 8,690 ಸಾಮಾನ್ಯ ಮೈಲಿ, 7,550 ನಾಟಿಕಲ್ ಮೈಲಿ. ವಿಮಾನದವರು ಲೆಕ್ಕ ಹಾಕುವುದು ನಾಟಿಕಲ್ ಮೈಲಿಯಲ್ಲಿ, ಒಂದಕ್ಕೆ 1.852 ಕಿ.ಮೀ. ಮೈಲಿ ಅಂತ ಬರೆದು ಯಾವ ಮೈಲಿ ಅಂತ ಹೇಳದಿದ್ದರೆ ಓದುವವರು ಒದ್ದಾಡುತ್ತಾರೆ.

ಇನ್ನು ನಿಮ್ಮ ಏಜೆಂಟ್. ವಿಮಾನ ಕಂಪನಿಯ ದೊಡ್ಡ ಖರ್ಚುಗಳಲ್ಲಿ ಇಂಧನವೂ ಒಂದು. ಟಿಕೆಟ್ ದರ ಕಿಲೋಮೀಟರ್ ಲೆಕ್ಕದಲ್ಲಿ ಇರುವುದಿಲ್ಲ, ಮೀಟರ್ ಹಾಕಿ ಓಡಿಸಲು ಅದೇನು ಆಟೋನಾ? ಸುತ್ತು ಹಾಕಿದಷ್ಟೂ ಕಂಪನಿಗೇ ನಷ್ಟ. ಇಷ್ಟು ತಿಳಿಯದವರು ಟಿಕೆಟ್ ಮಾರಲಿ, ಭೂಗೋಳ ಹೇಳುವುದು ಬೇಡ.

ಈಗ ನಕ್ಷೆಗೆ ಬರೋಣ. ಗೋಡೆಗೆ ನೇತು ಹಾಕುವ ಆ ಆಯತಾಕಾರದ ಪ್ರಪಂಚ ನಕ್ಷೆಗಳಲ್ಲಿ ಹೆಚ್ಚಿನವು 1569ರಲ್ಲಿ ಮರ್ಕೇಟರ್ ಮಾಡಿದ ವಿಧಾನದವು, ಇಲ್ಲವೇ ಅದರ ಹತ್ತಿರದವು. ಅವನು ಅದನ್ನು ಮಾಡಿದ್ದು ಹಡಗಿನವರಿಗಾಗಿ. ದಿಕ್ಸೂಚಿಯನ್ನು ಒಂದೇ ಕೋನಕ್ಕೆ ಹಿಡಿದು ಸಾಗಿದರೆ ಆ ದಾರಿ ನಕ್ಷೆಯಲ್ಲಿ ನೇರ ಗೆರೆಯಾಗಿ ಕಾಣಬೇಕು, ಅದೊಂದೇ ಅವನ ಉದ್ದೇಶ. ಅದಕ್ಕೆ ತೆತ್ತ ಬೆಲೆ ಅಂದರೆ ಧ್ರುವದ ಕಡೆ ಹೋದಷ್ಟೂ ಎಲ್ಲ ಹಿಗ್ಗುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಅಗಲ ಎರಡು ಪಟ್ಟು ಕಾಣುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದಲ್ಲ, ನಿಜವಾಗಿ ಆಫ್ರಿಕಾ ಅದರ 14 ಪಟ್ಟು ದೊಡ್ಡದು. ಅಂಥ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ದೂರ ಅಳೆದರೆ ಏನು ಬರಬೇಕೋ ಅದೇ ಬರುತ್ತದೆ.

ನೀವು ಹೇಳಿದ ಆ ನೇರ ಗೆರೆಯನ್ನು ನಾನು ಲೆಕ್ಕ ಹಾಕಿದೆ. ಸುಮಾರು 16,100 ಕಿ.ಮೀ. ಬಂತು. ಅತಿ ಹತ್ತಿರದ ದಾರಿಗಿಂತ 2,100 ಕಿ.ಮೀ. ಜಾಸ್ತಿ. ಬೆಂಗಳೂರಿನಿಂದ ದೆಹಲಿಗೆ ಹೋಗಿ, ಇನ್ನೂ ಸ್ವಲ್ಪ ಮುಂದೆ ಹೋದಷ್ಟು ಸುಮ್ನೆ ದಂಡ.

ನಂಬಿಕೆ ಬರದಿದ್ದರೆ ಮಕ್ಕಳ ಗ್ಲೋಬ್ ತೆಗೆದುಕೊಳ್ಳಿ. ಅವೆನ್ಯೂ ರಸ್ತೆಯಲ್ಲಿ ಸಿಗುವ 30 ಸೆಂ.ಮೀ. ವ್ಯಾಸದ್ದಾದರೆ ಸಾಕು. ಬೆಂಗಳೂರಿನ ಮೇಲೆ ದಾರದ ಒಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲಿಟ್ಟು, ಮೊದಲು ಜಪಾನ್‌ನ ದಕ್ಷಿಣಕ್ಕೆ ಪೆಸಿಫಿಕ್ ಮೇಲೆ ಹಾಯುವಂತೆ ಸಡಿಲವಾಗಿ ಹಾಸಿ. ಈಗ ಮೆಲ್ಲಗೆ ಬಿಗಿ ಮಾಡಿ. ದಾರ ತಾನಾಗಿ ಉತ್ತರಕ್ಕೆ ಜಾರುತ್ತದೆ. ಪೂರ್ತಿ ಬಿಗಿಯಾದಾಗ ಸೈಬೀರಿಯಾದ ಮೇಲೆ ಕೂತಿರುತ್ತದೆ. ಅಳೆದರೆ ಸುಮಾರು 33 ಸೆಂ.ಮೀ. ಆ ದಾರ ಹೋದ ದಾರಿಯೇ ಗ್ರೇಟ್ ಸರ್ಕಲ್. 13,990 ಅನ್ನುವುದು ಅದರ ಉದ್ದ.

ಆ ದಾರದ ಕೆಳಗೆ ಯಾವ ಊರುಗಳಿವೆ ಅಂತ ನೋಡಿ. ಬೆಂಗಳೂರು ಬಿಡುವಾಗಲೇ ಮುಖ ಉತ್ತರಕ್ಕೆ, 20 ಡಿಗ್ರಿಯಷ್ಟು ಮಾತ್ರ ಪೂರ್ವಕ್ಕೆ ವಾಲಿಕೊಂಡು. ನೇಪಾಳದಲ್ಲಿ ಪೋಖರಾ ಪಕ್ಕ, ಅನ್ನಪೂರ್ಣ ಶಿಖರಗಳ ಆಸುಪಾಸು. ಆಮೇಲೆ ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ. 71 ಡಿಗ್ರಿ ಉತ್ತರದವರೆಗೆ ಏರಿ ಆರ್ಕ್ಟಿಕ್ ಸಮುದ್ರದ ಅಂಚು ಮುಟ್ಟಿ, ಅಲಾಸ್ಕಾದಲ್ಲಿ ಆಂಕರೇಜ್ ಪೂರ್ವಕ್ಕೆ ಹಾದು, ಅಲ್ಲಿಂದ ಕೆಳಗೆ ಸ್ಯಾನ್ ಫ್ರಾನ್ಸಿಸ್ಕೋ. ಪೂರ್ವಕ್ಕೆ ಅಂತ ಹೊರಟ ಪ್ರಯಾಣದಲ್ಲಿ ನಿಜವಾಗಿ ಪೂರ್ವಕ್ಕೆ ಮುಖ ಮಾಡುವುದು ಆರ್ಕ್ಟಿಕ್ ಅಂಚಿನಲ್ಲಿ ಸ್ವಲ್ಪ ಹೊತ್ತು ಮಾತ್ರ.

ಧ್ರುವದ ಲೆಕ್ಕವನ್ನು ನೀವೇ ಮಾಡಬಹುದು, ಪೆನ್ನು ಪೇಪರ್ ಸಾಕು. ದೇವನಹಳ್ಳಿ ಇರುವುದು 13.2 ಡಿಗ್ರಿ ಉತ್ತರದಲ್ಲಿ. ಅಲ್ಲಿಂದ ಧ್ರುವಕ್ಕೆ 76.8 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೋ 37.6ರಲ್ಲಿ, ಧ್ರುವದಿಂದ ಅಲ್ಲಿಗೆ 52.4 ಡಿಗ್ರಿ. ಕೂಡಿದರೆ 129.2. ಡಿಗ್ರಿಗೆ 111.2 ಕಿ.ಮೀ. ಅಂತ ಗುಣಿಸಿ. ಹತ್ತಿರ ಹತ್ತಿರ 14,370 ಬರುತ್ತದೆ. ಅಂದರೆ ಸರಿಯಾಗಿ ಉತ್ತರ ಧ್ರುವದ ನೆತ್ತಿಯ ಮೇಲೇ ಹಾರಿದರೂ ಅತಿ ಹತ್ತಿರದ ದಾರಿಗಿಂತ 400 ಕಿ.ಮೀ. ಕೂಡ ಜಾಸ್ತಿಯಾಗುವುದಿಲ್ಲ. ಕಾರಣ, ಎರಡೂ ಊರುಗಳ ರೇಖಾಂಶದ ಅಂತರ 160 ಡಿಗ್ರಿ. ಅದು 180 ಆಗಿದ್ದಿದ್ದರೆ ಹತ್ತಿರದ ದಾರಿ ಧ್ರುವದ ಮೇಲೇ ಇರುತ್ತಿತ್ತು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ವಿಮಾನ ಧ್ರುವದ ಮೇಲೆ ಹಾದು ಬಂದದ್ದು ನೆನಪಿರಬಹುದು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರೇ ಇದ್ದರು. ವಿಮಾನ ಬೋಯಿಂಗ್ 777-200ಎಲ್ಆರ್. ಪೇಪರ್‌ಗಳು ಅದನ್ನು ಸಾಹಸ ಅಂತ ಬರೆದವು. ಸಾಹಸ ಹೌದು, ಆದರೆ ಸುತ್ತು ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತು ಹೇಳಲೇಬೇಕು. ಆ ದಾರದ ಗೆರೆಯ ಮೇಲೆ ಯಾರೂ ಹಾಗೇ ಹಾರುವುದಿಲ್ಲ.

ಮೊದಲ ಅಡ್ಡಿ ಟಿಬೆಟ್. ವಿಮಾನ 35,000 ಅಡಿಯಲ್ಲಿರುವಾಗ ಕ್ಯಾಬಿನ್ ಒತ್ತಡ ಹೋದರೆ ಪೈಲಟ್ ತಕ್ಷಣ 10,000 ಅಡಿಗೆ, ಅಂದರೆ ಸುಮಾರು 3,000 ಮೀಟರ್‌ಗೆ ಇಳಿಯಬೇಕು. ಪ್ರಯಾಣಿಕರ ಮುಖದ ಮುಂದೆ ಬೀಳುವ ಆ ಹಳದಿ ಮಾಸ್ಕ್‌ಗಳಲ್ಲಿ ಆಮ್ಲಜನಕ ಬರುವುದು ಸಾಮಾನ್ಯವಾಗಿ ಹದಿನೈದು ನಿಮಿಷದ ಆಚೀಚೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್. ಇಳಿಯಬೇಕಾದ ಎತ್ತರಕ್ಕಿಂತ ನೆಲವೇ ಮೇಲಿದೆ! ತಪ್ಪಿಸಿಕೊಳ್ಳುವ ದಾರಿಗಳನ್ನು ಮೊದಲೇ ಗುರುತು ಮಾಡಿಕೊಂಡು, ಜಾಸ್ತಿ ಆಮ್ಲಜನಕ ಹಾಕಿಕೊಂಡು ಹಾರಬಹುದು, ಹಾರುತ್ತಾರೆ ಕೂಡ. ನನ್ನ ಕೈಯಲ್ಲಿ ಇನ್ನೊಂದು ದಾರಿ ಇದ್ದರೆ ಮಾತ್ರ ನಾನು ಆ ಕಡೆ ಪ್ಲಾನ್ ಹಾಕುವವನಲ್ಲ. ಹೆದರುಪುಕ್ಕಲ ಅಂತ ಅಂದುಕೊಳ್ಳಿ, ಬೇಜಾರಿಲ್ಲ.

ಎರಡನೆಯದು ಗಾಳಿ. ನನ್ನ ಪ್ರಕಾರ ದೂರದ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ, ಯಾರೂ ಕೇಳದೆ ಇರುವುದೂ ಇದನ್ನೇ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ವಿಮಾನ ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಹರಿಯುತ್ತದೆ. ಚಳಿಗಾಲದಲ್ಲಿ ಜಪಾನ್ ಮತ್ತು ಉತ್ತರ ಪೆಸಿಫಿಕ್ ಮೇಲೆ ಅದು ಗಂಟೆಗೆ 300 ಕಿ.ಮೀ. ದಾಟುವುದುಂಟು. ಎದುರುಗಾಳಿಗೆ ಸೈಕಲ್ ತುಳಿದವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. ಗಂಟೆಗೆ 900 ಕಿ.ಮೀ. ಹೋಗುವ ವಿಮಾನಕ್ಕೆ ಹಿಂದಿನಿಂದ ಸರಾಸರಿ 150 ಸಿಕ್ಕರೆ ನೆಲದ ಲೆಕ್ಕದಲ್ಲಿ 1,050. ಆಗ 16,000 ಕಿ.ಮೀ. ದಾರಿ ಹದಿನೈದೂಕಾಲು ಗಂಟೆಯಲ್ಲಿ ಮುಗಿಯುತ್ತದೆ. ಗಾಳಿಯೇ ಇಲ್ಲದ 14,000 ಕಿ.ಮೀ. ದಾರಿಗೆ ಹದಿನೈದೂವರೆ ಬೇಕು.

ಇದು ಬರೀ ಕಾಗದದ ಮೇಲಿನ ಲೆಕ್ಕ ಅಲ್ಲ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಕಡೆಯಿಂದ ಬಿಡಿಸಿ ಪೆಸಿಫಿಕ್ ಕಡೆಗೆ ತಿರುಗಿಸಿತು. ದಾರಿ ಸುಮಾರು 1,400 ಕಿ.ಮೀ. ಉದ್ದವಾಯಿತು, 15,000 ದಾಟಿತು. ಆದರೂ ವಿಮಾನ ಮೊದಲಿಗಿಂತ ಬೇಗ, ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು. ದೂರ ಜಾಸ್ತಿ, ಹೊತ್ತು ಕಡಿಮೆ. ನಿಮ್ಮ ಏಜೆಂಟ್ ಇದನ್ನೂ ಸುತ್ತು ಅನ್ನುತ್ತಿದ್ದನೇನೋ.

ಮೂರನೆಯದು ಅನುಮತಿ. ಆಕಾಶಕ್ಕೂ ಬೇಲಿ ಇದೆ. ಉಕ್ರೇನ್ ಯುದ್ಧ ಶುರುವಾದ ಮೇಲೆ 2022ರಿಂದ ಅಮೆರಿಕ ಮತ್ತು ಯುರೋಪಿನ ಒಕ್ಕೂಟದ ಕಂಪನಿಗಳಿಗೆ ರಷ್ಯಾ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಇಂಥ ಒಂದೊಂದು ಬೇಲಿಗೂ ಗೆರೆ ಬಾಗುತ್ತದೆ. ಗೆರೆ ಬಾಗಿದಷ್ಟು ಇಂಧನ, ಇಂಧನ ಏರಿದಷ್ಟು ತೂಕ, ಆ ತೂಕ ಹೊರಲು ಮತ್ತೆ ಇಂಧನ.

ನಾಲ್ಕನೆಯದು, ನಡುವೆ ಇಳಿಯುವ ಜಾಗ. ಎರಡು ಎಂಜಿನ್‌ನ ವಿಮಾನ ಒಂದು ಎಂಜಿನ್ ಕೆಟ್ಟರೂ ಇಂತಿಷ್ಟು ನಿಮಿಷದೊಳಗೆ ಮುಟ್ಟಬಹುದಾದ ನಿಲ್ದಾಣ ದಾರಿಯುದ್ದಕ್ಕೂ ಇರಬೇಕು ಅನ್ನುವುದು ನಿಯಮ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿದದ್ದು ಸುದ್ದಿಯಾಗಿತ್ತು. ಆ ಹೆಸರನ್ನು ಹೆಚ್ಚಿನ ಓದುಗರು ಅವತ್ತೇ ಮೊದಲು ಕೇಳಿರಬಹುದು. ದಾರಿ ಹಾಕುವವರಿಗೆ ಮಗದಾನ್, ಆಂಕರೇಜ್ ಎಲ್ಲ ಪಕ್ಕದ ಬೀದಿಯ ಹೆಸರುಗಳು. ಧ್ರುವದ ಕಡೆ ಇನ್ನೊಂದು ತಲೆನೋವು ಚಳಿ. ಜೆಟ್ ಎ-1 ಇಂಧನ ಹೆಪ್ಪುಗಟ್ಟುವುದು ಮೈನಸ್ 47 ಡಿಗ್ರಿಯಲ್ಲಿ. ಹೊರಗೆ ಅದಕ್ಕಿಂತ ಚಳಿ ಇರುವ ದಿನ ಟ್ಯಾಂಕಿನ ಉಷ್ಣಾಂಶದ ಮೇಲೆ ಕಣ್ಣಿಟ್ಟೇ ಹಾರಬೇಕು.

ಕೊನೆಗೆ ನಮ್ಮ ದೇವನಹಳ್ಳಿ. ಅಲ್ಲಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಉತ್ತರಕ್ಕೆ ಹೋಗುವ ವಿಮಾನವೂ ಗಾಳಿ ನೋಡಿ ಹೊಸಕೋಟೆಯ ಕಡೆಗೋ ದೊಡ್ಡಬಳ್ಳಾಪುರದ ಕಡೆಗೋ ಏರಿ ಆಮೇಲೆ ತಿರುಗಬೇಕು. ಜೊತೆಗೆ, ಕೆಲವು ಲೆಕ್ಕಗಳು ಊರಿನ ನಡುವಿನಿಂದ ಅಳೆಯುತ್ತವೆ, ಕೆಲವು ವಿಮಾನ ನಿಲ್ದಾಣದಿಂದ. ಮೆಜೆಸ್ಟಿಕ್‌ಗೂ ದೇವನಹಳ್ಳಿಗೂ ನೇರ ಅಳತೆಯಲ್ಲೇ ಸುಮಾರು 29 ಕಿ.ಮೀ. ಹಾಗಾಗಿ ಎರಡು ಕಡೆ ಹತ್ತಿಪ್ಪತ್ತು ಕಿ.ಮೀ. ವ್ಯತ್ಯಾಸ ಕಂಡರೆ ಜಗಳಕ್ಕೆ ಬರಬೇಡಿ.

ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟು. 13,990 ಅನ್ನುವುದು ಕನಿಷ್ಠ. ಅದಕ್ಕಿಂತ ಕಡಿಮೆ ಯಾರಿಂದಲೂ ಆಗದು. ನಿಮ್ಮ ಹೆಂಡತಿ ಹಾರಿದ್ದು ಅದಕ್ಕಿಂತ ಜಾಸ್ತಿ, ಎಷ್ಟು ಅನ್ನುವುದು ಆ ದಿನದ ಫ್ಲೈಟ್ ಪ್ಲಾನ್‌ನಲ್ಲಿ ಇರುತ್ತದೆ. ಮರುದಿನದ ವಿಮಾನಕ್ಕೆ ಅದೇ ಸಂಖ್ಯೆ ಇರುವುದಿಲ್ಲ.

ಪ್ರಶ್ನೆ: ನೇರ ವಿಮಾನ ಸಿಗದಿದ್ದರೆ ದುಬೈ, ಫ್ರಾಂಕ್‌ಫರ್ಟ್, ಸಿಂಗಾಪುರ, ಇವುಗಳಲ್ಲಿ ಯಾವ ದಾರಿ ಹತ್ತಿರ? ಅಪ್ಪ ಅಮ್ಮ ಇಬ್ಬರಿಗೂ ಎಪ್ಪತ್ತು ದಾಟಿದೆ. (ಬಸವನಗುಡಿ)

ದುಬೈ ಮೇಲೆ ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೇಲೆ 16,550, ಸಿಂಗಾಪುರದ ಮೇಲೆ 16,750. ಕೇಳಿದಿರಿ, ಹೇಳಿದೆ. ಆದರೆ ಎಪ್ಪತ್ತು ದಾಟಿದವರಿಗೆ ಕಿಲೋಮೀಟರ್ ನೋಡಿ ಟಿಕೆಟ್ ಮಾಡಿಸುವವರನ್ನು ಕಂಡರೆ ನನಗೆ ರೇಗುತ್ತದೆ. ದುಬೈ ಹತ್ತಿರ ಅಂತ ಆರಿಸಿದರೆ ಎರಡನೇ ವಿಮಾನ ಒಂದರಲ್ಲೇ 13,000 ಕಿ.ಮೀ. ಕೂತಿರಬೇಕು. ಫ್ರಾಂಕ್‌ಫರ್ಟ್ ಆದರೆ 7,400 ಒಮ್ಮೆ, 9,150 ಒಮ್ಮೆ. ಮಂಡಿ ನೋವಿರುವವರಿಗೆ ಯಾವುದು ಮೇಲು ಅಂತ ನೀವೇ ಹೇಳಿ.

ಎರಡು ವಿಮಾನಗಳ ನಡುವೆ ಮೂರು ಗಂಟೆಗಿಂತ ಕಡಿಮೆ ಇರುವ ಟಿಕೆಟ್ ಬೇಡ. ಒಂದೂಕಾಲು ಗಂಟೆಯಲ್ಲಿ ಆಗುತ್ತೆ ಅಂತ ವೆಬ್‌ಸೈಟ್ ತೋರಿಸುತ್ತದೆ. ಅದು ಓಡುವ ಹುಡುಗರ ಲೆಕ್ಕ. ನಾಲ್ಕು ಕಾಸು ಉಳಿಯುತ್ತೆ ಅಂತ ಎರಡು ಕಂಪನಿಗಳಲ್ಲಿ ಬೇರೆ ಬೇರೆ ಟಿಕೆಟ್ ಮಾಡಿಸಲೇಬೇಡಿ. ಮೊದಲನೆಯದು ತಡವಾದರೆ ಎರಡನೆಯವರು ಸಾಮಾನ್ಯವಾಗಿ ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ. ವ್ಹೀಲ್‌ಚೇರ್ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ, ಅಲ್ಲಿ ಹೋಗಿ ಕೇಳುವುದಲ್ಲ. ಕಿಟಕಿ ಸೀಟು ಮೊಮ್ಮಕ್ಕಳಿಗಿರಲಿ, ಇವರಿಗೆ ಓಡಾಡಲು ಆಗುವ ಕಡೆಯ ಸೀಟು ಕೊಡಿಸಿ.

ಪ್ರಶ್ನೆ: ಕೈಲಾಸ ಪರ್ವತದ ಅಯಸ್ಕಾಂತ ಶಕ್ತಿಗೆ ಹೆದರಿ ವಿಮಾನಗಳು ಟಿಬೆಟ್ ಮೇಲೆ ಹಾರುವುದಿಲ್ಲವಂತೆ, ನಿಜವಾ?

ಸುಳ್ಳು. ಕಾರಣ ಮೇಲೆ ಹೇಳಿದ ಎತ್ತರ ಮತ್ತು ಆಮ್ಲಜನಕ. ಕೈಲಾಸಕ್ಕೆ ಕೈ ಮುಗಿಯಿರಿ, ಆ ವಿಡಿಯೊ ಡಿಲೀಟ್ ಮಾಡಿ.

ಪ್ರಶ್ನೆ: ಭೂಮಿ ತಿರುಗುತ್ತಲ್ಲ, ಹೆಲಿಕಾಪ್ಟರ್ ಮೇಲೇರಿ ಹನ್ನೆರಡು ಗಂಟೆ ನಿಂತರೆ ಅಮೆರಿಕ ತಾನೇ ಕೆಳಗೆ ಬರಬೇಕಲ್ಲ?

ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ಮುಂದಿನ ಪ್ರಶ್ನೆ.

ಪ್ರಶ್ನೆ: ಹನ್ನೊಂದು ಕಿ.ಮೀ. ಎತ್ತರದಲ್ಲಿ ಹಾರುವುದರಿಂದ ದೂರ ತುಂಬಾ ಜಾಸ್ತಿಯಾಗುತ್ತದೆಯೇ?

ಇಡೀ 14,000 ಕಿ.ಮೀ.ಗೆ 24 ಕಿ.ಮೀ. ಜಾಸ್ತಿ. ಹೆಬ್ಬಾಳದಿಂದ ದೇವನಹಳ್ಳಿಗೆ ಹೋದಷ್ಟು.

ಪ್ರಶ್ನೆ: ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಮುಟ್ಟುತ್ತೆ ಅಂತ ಟಿಕೆಟ್‌ನಲ್ಲಿದೆ. ಮೂರೇ ಗಂಟೆಯಾ?

ಹದಿನಾರೂವರೆ ಗಂಟೆ. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಮಾತ್ರೆ ತೆಗೆದುಕೊಳ್ಳುವವರು ಟಿಕೆಟ್‌ನ ಗಡಿಯಾರ ನೋಡಿ ಹೊತ್ತು ಲೆಕ್ಕ ಹಾಕಬೇಡಿ. ಹೊರಡುವ ಮೊದಲು ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ, ಸಕ್ಕರೆ ಕಾಯಿಲೆಯವರಂತೂ ಖಂಡಿತ.

ಪ್ರಶ್ನೆ: ಧ್ರುವದ ದಾರಿಯಲ್ಲಿ ವಿಕಿರಣ ಜಾಸ್ತಿ ಅಂತ ಒಬ್ಬರು ಅಯಸ್ಕಾಂತದ ಬಳೆ ಮಾರುತ್ತಿದ್ದಾರೆ. ಜೆಟ್ ಲ್ಯಾಗ್‌ಗೂ ಒಳ್ಳೆಯದಂತೆ. ತೆಗೆದುಕೊಳ್ಳಲಾ?

ಬಳೆ ಬೇಕಿದ್ದರೆ ಚಿಕ್ಕಪೇಟೆಯಲ್ಲಿ ಚೆನ್ನಾಗಿರುವುದು ಸಿಗುತ್ತದೆ. ಧ್ರುವದ ಕಡೆ ವಿಕಿರಣ ಸ್ವಲ್ಪ ಜಾಸ್ತಿ ಅನ್ನುವುದು ನಿಜ. ಒಂದು ಪ್ರಯಾಣಕ್ಕೆ ಹೆಚ್ಚೂಕಡಿಮೆ 0.1 ಮಿಲಿಸೀವರ್ಟ್ ಒಳಗೆ. ನೆಲದ ಮೇಲೆ ಸುಮ್ಮನೆ ಕೂತಿದ್ದರೂ ವರ್ಷಕ್ಕೆ ಸರಾಸರಿ 2.4 ಸಿಗುತ್ತದೆ. ಬಳೆ ಇದರಲ್ಲಿ ಒಂದು ಚೂರನ್ನೂ ತಡೆಯುವುದಿಲ್ಲ. ಗರ್ಭಿಣಿಯರು ಮತ್ತು ಪದೇ ಪದೇ ಹಾರುವವರು ವೈದ್ಯರನ್ನು ಕೇಳಬೇಕು, ಬಳೆ ಮಾರುವವರನ್ನಲ್ಲ.

ಪ್ರಶ್ನೆ: ಬೆಂಗಳೂರಿಗೆ ಪ್ರಪಂಚದಲ್ಲಿ ಅತಿ ದೂರದ ಊರು ಸ್ಯಾನ್ ಫ್ರಾನ್ಸಿಸ್ಕೋನೇ ಅಲ್ವಾ?

ಅಲ್ಲ. ನಮಗೆ ಸರಿಯಾಗಿ ಭೂಮಿಯ ಆ ಬದಿ ಅಂದರೆ ಪೆಸಿಫಿಕ್‌ನಲ್ಲಿ, ಪೆರು ದೇಶದ ಪಶ್ಚಿಮಕ್ಕೆ, ಬರೀ ನೀರು. ಅಲ್ಲಿಗೆ ಸುಮಾರು 20,000 ಕಿ.ಮೀ. ಪೆರುವಿನ ರಾಜಧಾನಿ ಲಿಮಾಗೆ 17,300ರ ಹತ್ತಿರ. ಈಗ ಪ್ರಯಾಣಿಕರನ್ನು ಹೊತ್ತು ಹಾರುವ ಅತಿ ಉದ್ದದ ನೇರ ವಿಮಾನ ಸಿಂಗಾಪುರ–ನ್ಯೂಯಾರ್ಕ್, ಅದೇ ಸುಮಾರು 15,350 ಕಿ.ಮೀ. ಹಾಗಾಗಿ ಲಿಮಾಗೆ ಹೋಗಬೇಕೆಂದರೆ ಎಲ್ಲಾದರೂ ಇಳಿದು ಹತ್ತಲೇಬೇಕು.